ಮೊಸರಾಗದ ಹಾಲು

ನಾಲ್ಕು ತಾಲ್ಲೂಕಿನ ಮಜ್ಜಿಗೆ ಕುಡಿದ ದೇಹ ಇದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ಸೀಮೆಯಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್ ಆಗಿ ಸೈಕಲ್ ತುಳಿಯುತ್ತಿದ್ದಾಗ ನಾನು ನಮ್ಮ ಮನೆಯಲ್ಲಿ ಉಂಡದ್ದಕ್ಕಿಂತ ಜನರ ಜಗಲಿಯ ಮೇಲೆ ಕುಡಿದದ್ದೇ ಹೆಚ್ಚು. ಈಗ ಈ ಕೆಲಸಕ್ಕೆ ಸೇರುತ್ತಿರುವ ಹೊಸಬರು ನನ್ನನ್ನು ಕಂಡರೆ, ಆ ಕಾಲದಲ್ಲಿ ಯಾವ ಔಷಧಿ ಇತ್ತು, ಸಂಬಳ ಎಷ್ಟಿತ್ತು, ಬಡ್ತಿ ಯಾವಾಗ ಬಂತು ಎಂದು ಕೇಳುತ್ತಾರೆ. ಸಂಬಳದ ಮಾತು ಬಿಡಿ, ಕೇಳಿದರೆ ನಗುತ್ತೀರಿ. ಬಡ್ತಿಯ ಕಥೆ ಅದಕ್ಕಿಂತ ಚಿಕ್ಕದು. ನಾನು ಹೇಳಬೇಕೆಂದಿರುವುದು ಬೇರೆ. ಹಸುವಿಗೆ ಮದ್ದು ಹಾಕಲು ಹೋದವನು ಆ ಮನೆಯ ಅಡುಗೆಮನೆಗೂ ಕೈ ಹಾಕಿರುತ್ತಾನೆ. ಇದು ಯಾವ ತರಬೇತಿಯಲ್ಲೂ ನನಗೆ ಸಿಗಲಿಲ್ಲ. ಒಂದು ಮನೆಯ ಎರಡು ಮಡಕೆಗಳಿಂದ ಕಲಿತೆ. ಅಲ್ಲಿಗೆ ಬರುವ ಮೊದಲು ಒಂದೆರಡು ಮಾತು.

ನಾನು ಸೇರಿದ್ದು ಐವತ್ತರ ದಶಕದಲ್ಲಿ. ಆಗ ಮಧುಗಿರಿ ಆಸ್ಪತ್ರೆಯಲ್ಲಿದ್ದ ಡಾಕ್ಟರು ಗಟ್ಟಿ ದನಿಯ, ಬಾಯಿ ಒರಟಾದ ಮನುಷ್ಯ. ಬೈದರೆ ಬೀದಿಗೆ ಕೇಳುವ ಹಾಗೆ ಬೈಯುತ್ತಿದ್ದರು, ಮರುಗಳಿಗೆಗೆ ತಮ್ಮ ಡಬ್ಬಿ ತೆಗೆದು ಎಲೆ ಅಡಿಕೆ ಕೊಡುತ್ತಿದ್ದರು. ಅವರಿಗೊಂದು ಅಭ್ಯಾಸ. ಯಾವ ಮನೆಗೆ ಹೋದರೂ ಕೊಟ್ಟಿಗೆಗೆ ಕಾಲಿಡುವ ಮೊದಲು ಜಗಲಿಯ ಮೇಲೆ ಕೂತು, "ಅಮ್ಮಾ, ಒಂದು ಲೋಟ ಮಜ್ಜಿಗೆ ಕೊಡಿ" ಎನ್ನುತ್ತಿದ್ದರು. ಒಳಗೆ ಹಸು ಒದ್ದಾಡುತ್ತಿದೆ, ಈ ಮಹಾರಾಯರಿಗೆ ಮಜ್ಜಿಗೆಯ ಚಪಲ ಎಂದು ನಾನು ಒಳಗೊಳಗೇ ಸಿಡುಕುತ್ತಿದ್ದೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಮಜ್ಜಿಗೆ ಕುಡಿದರೆ ಆ ಮನೆ ಹಸುವಿನ ಅರ್ಧ ಸಮಾಚಾರ ತಿಳಿಯುತ್ತೆ ಕಣಯ್ಯ," ಎಂದರು. "ಕಡ್ಲೆಕಾಯಿ ಹಿಂಡಿ ತಿಂದಿದೆಯೋ, ಬರೀ ಒಣಹುಲ್ಲಿನ ಮೇಲೆ ಇದೆಯೋ, ಕೆಚ್ಚಲು ನೆಟ್ಟಗಿದೆಯೋ, ಪಾತ್ರೆ ಸರಿಯಾಗಿ ತೊಳೀತಾರೋ ಇಲ್ಲವೋ, ಎಲ್ಲಾ ಅದರಲ್ಲಿರುತ್ತೆ. ಹಸುಗೆ ಬಾಯಿಲ್ಲ. ಮಜ್ಜಿಗೆಗೆ ಇದೆ."

ಅಂದಿನಿಂದ ನಾನೂ ಮೊದಲು ಮಜ್ಜಿಗೆ ಕೇಳುವುದನ್ನು ರೂಢಿ ಮಾಡಿಕೊಂಡೆ. ಕೇಳಬೇಕಾದ ಸಂದರ್ಭವೇ ಕಡಿಮೆ, ಅದು ತಾನಾಗಿ ಬರುತ್ತಿತ್ತು. ಆಗ ಹಾಲು ಮಾರುತ್ತಿದ್ದರು, ಬೆಣ್ಣೆ ಮಾರುತ್ತಿದ್ದರು, ತುಪ್ಪ ಸಂತೆಗೆ ಹೋಗುತ್ತಿತ್ತು. ಮಜ್ಜಿಗೆ ಮಾರುವ ಯೋಚನೆ ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಕಡೆಯುವ ಸದ್ದು ನಿಂತ ಕೂಡಲೇ ಕೇರಿಯ ಹೆಂಗಸರು ತಂಬಿಗೆ ಹಿಡಿದು ಆ ಮನೆಯ ಮುಂದೆ ನಿಲ್ಲುತ್ತಿದ್ದರು. ಹಸುವಿಲ್ಲದ ಮನೆಯ ಮುದ್ದೆಯೂ ಅದರಲ್ಲೇ ಗಂಟಲಿಗೆ ಇಳಿಯಬೇಕು. ಕೆಲವರು ನನ್ನನ್ನು ಒಳಗೆ ಕರೆದು ಮಣೆ ಹಾಕಿದರು, ಕೆಲವರು ನನ್ನ ಜಾತಿ ವಿಚಾರಿಸಿಕೊಂಡು ಜಗಲಿಯಲ್ಲೇ ಕೂರಿಸಿದರು. ಅದು ಆ ಕಾಲದ ಕೊಳೆ, ಮುಚ್ಚಿಡುವುದಿಲ್ಲ. ಆದರೂ ಬಿಸಿಲಲ್ಲಿ ಬಂದವನನ್ನು ಬಾಯಾರಿದಂತೆಯೇ ಕಳಿಸಿದ ಒಂದು ಮನೆಯೂ ನನ್ನ ನೆನಪಿನಲ್ಲಿಲ್ಲ.

ಪಾವಗಡದ ಕಡೆ ಹೋದರೆ ಮಾತು ಅರ್ಧ ತೆಲುಗಿಗೆ ತಿರುಗುತ್ತಿತ್ತು. ಅಲ್ಲೊಂದು ಹಸು ಕರು ಹಾಕಲಾರದೆ ಕಷ್ಟಪಡುತ್ತಿತ್ತು. ಡಾಕ್ಟರು ಮೊಣಕೈವರೆಗೆ ಕೈ ಹಾಕಿ ಕರುವಿನ ಕಾಲು ಸರಿಮಾಡಿ ಎಳೆದರು, ತಾಯಿ ಕರು ಎರಡೂ ಉಳಿದವು. ಆ ಮನೆಯ ಅಜ್ಜಿ ಗಿಣ್ಣುಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ನಮ್ಮ ಮುಂದೆ ತಂದಿಟ್ಟಳು. "ಜುನ್ನು ತಿನ್ರಪ್ಪಾ, ಮೊದಲನೇ ಪಾಲು ದೇವರಿಗೆ ಆಯ್ತು, ಎರಡನೇದು ನಿಮ್ಮದು" ಎಂದಳು. ನಾವು ಗಿಣ್ಣು ಎನ್ನುವುದನ್ನು ಅವರು ಜುನ್ನು ಎನ್ನುತ್ತಾರೆ, ರುಚಿಗೆ ಎರಡು ಹೆಸರಿದ್ದರೆ ನಮಗೇನು ನಷ್ಟ? ನಾನು ಸಂಕೋಚವಿಲ್ಲದೆ ಹೊಡೆದೆ. ಮಾರನೆಯ ದಿನ ಹೊಟ್ಟೆ ಕೆಟ್ಟು ರಜೆ ಹಾಕಿದೆ. "ದನದ ಕಾಂಪೌಂಡರಿಗೆ ಕರುವಿನ ರೋಗ ಬಂದಿದೆ" ಎಂದು ಡಾಕ್ಟರು ಆಸ್ಪತ್ರೆಗೆ ಬಂದವರಿಗೆಲ್ಲ ಹೇಳಿ ನಗಿಸಿದರಂತೆ.

ನಮ್ಮ ಕೆಲಸದ ರೀತಿಯನ್ನೇ ಬದಲಾಯಿಸಿದ್ದು ಪೆನ್ಸಿಲಿನ್. ಅದಕ್ಕೆ ಮೊದಲು ಕೆಚ್ಚಲು ಬಾವಿಗೆ ಬಿಸಿನೀರ ಶಾಖ, ಲೋಳೆಸರಕ್ಕೆ ಅರಿಶಿನ ಸುಣ್ಣ ಅರೆದು ಹಚ್ಚುವುದು, ಆಮೇಲೆ ದೇವರಿಗೆ ಹರಕೆ. ಎಷ್ಟೋ ಒಳ್ಳೆಯ ಹಸುಗಳ ಮೊಲೆ ಬತ್ತಿಹೋಗುತ್ತಿತ್ತು. ಪೆನ್ಸಿಲಿನ್ ಬಂದ ಮೇಲೆ ಪುಡಿಯನ್ನು ಕಾಯಿಸಿ ಆರಿಸಿದ ನೀರಲ್ಲಿ ಕರಗಿಸಿ, ಸಣ್ಣ ನಳಿಗೆಯಿಂದ ಮೊಲೆಯ ತೂತಿನೊಳಕ್ಕೇ ಬಿಡುತ್ತಿದ್ದೆವು. ಕಲ್ಲಾಗಿದ್ದ ಕೆಚ್ಚಲು ಮೆತ್ತಗಾಗುತ್ತಿತ್ತು. ನಮಗಂತೂ ದೇವರೇ ಪುಡಿಯಾಗಿ ಬಾಟಲಿಗೆ ಇಳಿದಂತೆ. ಮದ್ದು ಹಾಕಿದ ಮೇಲೆ ಕೆಲವು ದಿನ ಆ ಮೊಲೆಯ ಹಾಲನ್ನು ಬಳಸದೆ ಚೆಲ್ಲಲು ಹೇಳಬೇಕು ಎಂದು ಡಾಕ್ಟರ ಅಪ್ಪಣೆ. ಮೈಗೆ ಒಳ್ಳೆಯದಲ್ಲ ಎಂಬಷ್ಟೇ ಕಾರಣ ನನಗೆ ಗೊತ್ತಿತ್ತು.

ಶಿರಾದಲ್ಲಿ, ಹಳೆಯ ಮಸೀದಿಯ ಹಿಂದಿನ ಬೀದಿಯಲ್ಲಿ, ಕಡ್ಲೆಕಾಯಿ ವ್ಯಾಪಾರದ ಬಾಷಾ ಸಾಬರ ಮನೆಯ ಹಸುವಿಗೆ ಹೀಗೆ ಮದ್ದು ಹಾಕಿ, ಹಾಲು ಚೆಲ್ಲಿ ಎಂದೆ. ಪರದೆಯ ಹಿಂದಿನಿಂದ ಅವರ ಬೀಬಿಯ ದನಿ ಬಂತು: "ತೌಬಾ! ಹಾಲು ಚೆಲ್ಲೋದಾ? ಗುನ್ಹಾ, ಪಾಪ ಅಲ್ವಾ ಜೀ?"

"ಮದ್ದಿನ ಹಾಲಮ್ಮ, ಕುಡಿಯಬಾರದು."

"ಕುಡಿಯಲ್ಲ ಜೀ. ಬೆಕ್ಕಿಗೆ ಹಾಕ್ಬೋದಾ? ಎಷ್ಟು ದಿನ? ಒಂದು ಮೊಲೆದಾ, ಎಲ್ಲಾದರದ್ದಾ? ಸರಿಯಾಗಿ ಹೇಳಿ ಹೋಗಿ."

ಆಯಮ್ಮ ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳುವಷ್ಟರಲ್ಲಿ ನನ್ನ ಬೆವರು ಇಳಿಯಿತು. ಮುಂದಿನ ಸಲ ಹೋದಾಗ ಹಸು ಚೆನ್ನಾಗಿತ್ತು, ಗೋಡೆಯ ಮೇಲೆ ಬೀದಿಯ ಬೆಕ್ಕುಗಳು ಕೊಬ್ಬಿ ಮಲಗಿದ್ದವು. ಆ ವರ್ಷದ ರಂಜಾನ್ ಹಬ್ಬಕ್ಕೆ ಬಾಷಾ ಸಾಬರು ಅದೇ ಹಸುವಿನ ಹಾಲಿನ ಖೀರು ಕುಡಿಸಿ ಕಳಿಸಿದರು. ಹೊಟ್ಟೆಯೂ ಮನಸ್ಸೂ ತುಂಬಿದ ಊಟ ಅದು.

ಈಗ ಆ ಎರಡು ಮಡಕೆಯ ವಿಷಯ.

ಕೊರಟಗೆರೆ ತಾಲ್ಲೂಕಿನಲ್ಲಿ, ಸಿದ್ದರಬೆಟ್ಟದ ದಾರಿಯ ಒಂದು ಹಳ್ಳಿಯಲ್ಲಿ ಗಿರಿಯಪ್ಪ ಲಕ್ಕಮ್ಮ ಎಂಬ ದಂಪತಿ. ಕೇರಿಯಲ್ಲಿ ಕರೆಯುವ ಹಸು ಇದ್ದ ಮನೆಗಳು ಎರಡೋ ಮೂರೋ. ಅದರಲ್ಲಿ ಇವರ ಹಸು ಕೆಂದಿಯದೇ ದೊಡ್ಡ ಕರಾವು. ಲಕ್ಕಮ್ಮನ ಮಜ್ಜಿಗೆ ಎಂದರೆ ಹೆಸರುವಾಸಿ. ಬೆಟ್ಟ ಹತ್ತುವವರು ಬಿಸಿಲಿಗೆ ಬಸವಳಿದು ಬಂದರೆ ಅವಳ ಜಗಲಿಯಲ್ಲಿ ಕೂತು ಕುಡಿದೇ ಮುಂದೆ ಹೋಗುವುದು. ಬಾಯಿ ಖಾರವಾದರೂ ಕೈ ಧಾರಾಳವಾದ ಹೆಂಗಸು. ಅವರ ಒಬ್ಬನೇ ಮಗ ತಿಮ್ಮಯ್ಯನಿಗೆ ಆಗತಾನೆ ಮದುವೆಯಾಗಿ, ಪಾವಗಡದ ಕಡೆಯ ನರಸಮ್ಮ ಸೊಸೆಯಾಗಿ ಬಂದಿದ್ದಳು. ಹೊಸ ಸೊಸೆಯ ಕೈಗೆ ಹಾಲು ಮೊಸರಿನ ಕೆಲಸ ಒಪ್ಪಿಸುವುದು ಅಲ್ಲಿಯ ಪದ್ಧತಿ. ಒಲೆಗಿಂತ ಮೊದಲು ಹೆಪ್ಪು. ಕಾಯಿಸಿದ ಹಾಲು ಆರಿದ ಹದ ನೋಡಿ ಅವಳು ಹೆಪ್ಪು ಹಾಕಬೇಕು. ಅದು ಗಟ್ಟಿಯಾಗಿ ಕೂತರೆ ಸೊಸೆ ಮನೆಗೆ ಕೂತಳು ಎಂದು ಲೆಕ್ಕ.

ಅಷ್ಟರಲ್ಲಿ ಕೆಂದಿಗೆ ಒಂದು ಮೊಲೆ ಊದಿಕೊಂಡಿತು. ನಾನು ಹೋಗಿ ಪೆನ್ಸಿಲಿನ್ ಬಿಟ್ಟೆ. ಹಸು ಹಿಡಿದುಕೊಂಡಿದ್ದ ಗಿರಿಯಪ್ಪನಿಗೆ ಹೇಳಿದೆ: "ಗಿರಿಯಪ್ಪಾ, ಈ ಮೊಲೆಯ ಹಾಲನ್ನ ಕೆಲವು ದಿನ ಬೇರೆ ಕರೆದು ಚೆಲ್ಲಿಬಿಡು. ಮನೆ ಬಳಕೆಗೆ ಬೇಡ."

"ಆಗ್ಲಿ ಸ್ವಾಮಿ," ಎಂದ. ಕರೆಯುವವನು ಅವನೇ, ಕೇಳಿಸಿಕೊಂಡವನೂ ಅವನೇ. ನಾನು ಚೀಲ ಕಟ್ಟಿದೆ. ಲಕ್ಕಮ್ಮ ತಂದ ಮಜ್ಜಿಗೆ ಕುಡಿದು ಹೊರಟೆ.

ಕೆಲವು ದಿನದ ಮೇಲೆ ಬಾವು ಮರುಕಳಿಸಿತೆಂದು ಹೇಳಿಕಳಿಸಿದರು. ಹೋಗಿ ಮತ್ತೆ ಮದ್ದು ಬಿಟ್ಟೆ, ಮತ್ತೆ ಅದೇ ಮಾತು ಹೇಳಿದೆ. ಜಗಲಿಗೆ ಬಂದು ಕೂತರೆ ಲಕ್ಕಮ್ಮ ಒಂದು ಚೂರು ಬೆಲ್ಲ, ಒಂದು ಚೊಂಬು ನೀರು ತಂದಿಟ್ಟಳು.

"ಏನಮ್ಮ, ಮಜ್ಜಿಗೆ ಇಲ್ವಾ ಇವತ್ತು?" ಎಂದೆ ತಮಾಷೆಗೆ.

ಆಕೆಯ ಕಣ್ಣು ತುಂಬಿಕೊಂಡಿತು. "ಮಜ್ಗೆ ಎಲ್ಲಿಂದ ತರ್ಲಿ ಕಾಂಪೋಂಡ್ರೇ? ಮೊಸ್ರಾದ್ರೆ ತಾನೆ ಕಡಿಯಾದು! ಆ ಹುಡ್ಗಿ ಹೆಪ್ಪಾಕಿದ್ ಹಾಲು ಹಾಲಾಗೇ ಇರ್ತದೆ. ಎರಡನೇ ದಿನಕ್ಕೆ ನಾತ ಹೊಡೀತದೆ. ಮನೇಲಿದ್ದ ಹೆಪ್ಪೂ ಹೋಯ್ತು. ಅಕ್ಕಪಕ್ಕದೋರ ತಾವ ಇಸ್ಕಂಡ್ ಬಂದು ಹಾಕಿದ್ದೂ ಹೋಯ್ತು. ಈಗ ಕೇರೀಲಿ ಒಬ್ರೂ ನಮ್ಗೆ ಹೆಪ್ಪು ಕೊಡಾಕಿಲ್ಲ. ನಮ್ ಮಡ್ಕೆಗೆ ಬಿದ್ರೆ ಅವ್ರದೂ ಕೆಡ್ತದಂತೆ."

"ಮಡಕೆ ಸರಿಯಾಗಿ ಕಾಯಿಸಿ ನೋಡಿದ್ರಾ?"

"ಮಡ್ಕೆನೇ ಹೊಸ್ದು ತಂದೆ ಕಣಪ್ಪ. ಮಡ್ಕೇದಲ್ಲ. ಅವ್ಳ ಕೈಗುಣ. ಮೂವತ್ತು ವರ್ಸ ನಿಲ್ದೇ ಇದ್ದ ಕಡೆಗೋಲು ಅವ್ಳು ಬಂದ್ಮೇಲೆ ನಿಂತೋಯ್ತು. ಅವ್ರ ಅಣ್ಣಂಗೆ ಹೇಳಿ ಕಳ್ಸಿದೀವಿ. ನಾಳೆ ಬಂದು ಕರ್ಕಂಡ್ ಹೋಗ್ಲಿ."

ಬಾಗಿಲ ಮರೆಯಲ್ಲಿ ಒಂದು ಸೀರೆಯ ಅಂಚು ಅಲುಗಿತು. ಲಕ್ಕಮ್ಮನನ್ನು ಕೆಟ್ಟವಳು ಎಂದುಕೊಳ್ಳಬೇಡಿ. ಬೆಳಗಾದರೆ ತಂಬಿಗೆ ಹಿಡಿದು ಬರುತ್ತಿದ್ದ ಹೆಂಗಸರನ್ನು ಬರಿಗೈಲಿ ಕಳಿಸಿ ಕಳಿಸಿ ಆಕೆ ಒಳಗೇ ಬೆಂದಿದ್ದಳು. ಕೊಡುವ ಕೈಗೆ ಕೊಡಲು ಇಲ್ಲವಾದರೆ ಆಗುವ ಸಂಕಟ ನಮ್ಮಂಥ ಇಸ್ಕೊಳ್ಳುವವರಿಗೆ ತಿಳಿಯುವುದಿಲ್ಲ. ಆದರೆ ಒಂದು ಸಲ ಹೀಗೆ ತವರಿಗೆ ಕಳಿಸಿದ ಹುಡುಗಿಯನ್ನು ಮತ್ತೆ ಯಾರು ಕರೆಯುತ್ತಾರೆ? ತವರಿನಲ್ಲೂ ಅವಳನ್ನು ಹಾಲಿನ ಮಡಕೆಯ ಹತ್ತಿರ ಬಿಡುವುದಿಲ್ಲ. ನಾನು ಬೆಲ್ಲ ಕಚ್ಚಿ ನೀರು ಕುಡಿದು ಎದ್ದು ಬಂದೆ.

ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು, "ಎಲ್ಲಿ ಹೋಗಿದ್ದೆ? ಮಜ್ಜಿಗೆ ಹೇಗಿತ್ತು?" ಎಂದರು. ಮಜ್ಜಿಗೆ ಸಿಗಲಿಲ್ಲ ಎಂದು ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈಯನ್ನು ನಿಲ್ಲಿಸಿದರು.

"ಅದೇ ಹಸುಗೆ ತಾನೆ ನೀನು ಪೆನ್ಸಿಲಿನ್ ಹಾಕಿದ್ದು?"

"ಹೌದು ಸಾರ್. ಹಾಲು ಚೆಲ್ಲು ಅಂತ ಹೇಳಿದೀನಿ."

"ಹೇಳಿದೀಯ. ಚೆಲ್ಲಿದನೋ?" ಎದ್ದು ನಿಂತರು. "ಹೆಪ್ಪು ಅಂದ್ರೆ ಅದೂ ಒಂದು ಜೀವ ಕಣಯ್ಯ, ಕಣ್ಣಿಗೆ ಕಾಣದ್ದು. ಅದು ಹಾಲಲ್ಲಿ ಬೆಳೆದರೆ ಮೊಸರು. ಬಾವಿನ ಕ್ರಿಮಿ ಕೊಲ್ಲೋ ಪೆನ್ಸಿಲಿನ್‌ಗೆ ಹೆಪ್ಪಿನ ಜೀವ ಬೇರೆ ಅಂತ ಗೊತ್ತಾಗುತ್ತಾ? ಒಂದು ಮೊಲೆ ಹಾಲು ಬೆರೆತರೆ ಸಾಕು, ಮಡಕೆಯೆಲ್ಲ ಹಾಗೇ ನಿಲ್ಲುತ್ತೆ. ಕಾಯಿಸಿದರೂ ಹೋಗಲ್ಲ. ಅಲ್ಲೊಂದು ಹುಡುಗಿ ಬಾಳು ಹೋಗ್ತಾ ಇದೆ, ನೀನು ಬೆಲ್ಲ ನೀರು ಕುಡಿದು ಬಂದಿದೀಯ!"

ಆ ಬೈಗುಳ ಇಂದಿಗೂ ನನಗೆ ಆಶೀರ್ವಾದ. ಮಾರನೆಯ ದಿನ ಡಾಕ್ಟರ ಹೆಂಡತಿ ತಮ್ಮ ಮನೆಯ ಮೊಸರನ್ನು ಮುಚ್ಚಳದ ಗಿಂಡಿಗೆ ಹಾಕಿ, ಒದ್ದೆ ಬಟ್ಟೆ ಸುತ್ತಿ ಕೊಟ್ಟರು. "ಒಂದು ಬೇರೆ ಹಸುವಿನ ಹಾಲು, ಒಂದು ಕೆಂದಿಯ ಹಾಲು. ಎರಡಕ್ಕೂ ಆ ಹುಡುಗಿಯೇ ಹೆಪ್ಪು ಹಾಕಲಿ. ಕಣ್ಣಾರೆ ನೋಡಲಿ ಅವರು," ಎಂದು ಡಾಕ್ಟರು ಹೇಳಿ ಕಳಿಸಿದರು. ಆ ದಿನ ಸೈಕಲನ್ನು ನಾನು ತುಳಿದ ಹಾಗೆ ಮುಂದೆಂದೂ ತುಳಿಯಲಿಲ್ಲ. ಹಳ್ಳದಲ್ಲಿ ಗಿಂಡಿ ಚೆಲ್ಲೀತೆಂದು ಇಳಿದು, ತಳ್ಳಿಕೊಂಡು, ಮತ್ತೆ ಹತ್ತಿ, ಬಿಸಿಲು ನೆತ್ತಿಗೇರುವ ಹೊತ್ತಿಗೆ ಊರು ಸೇರಿದೆ.

ಗಿರಿಯಪ್ಪನ ಮನೆಯ ಮುಂದೆ ಆಗಲೇ ಎತ್ತಿನ ಗಾಡಿ ನಿಂತಿತ್ತು. ಗಾಡಿಯಲ್ಲಿ ತಗಡಿನ ಪೆಟ್ಟಿಗೆ. ನರಸಮ್ಮನ ಅಣ್ಣ ಓಬಳಪ್ಪ ಜಗಲಿಯನ್ನೂ ಹತ್ತದೆ ಗಾಡಿಯ ನೊಗ ಹಿಡಿದು ನಿಂತಿದ್ದ. ಲಕ್ಕಮ್ಮ ಊಟಕ್ಕೆ ಏಳು ಎಂದದ್ದಕ್ಕೆ ಅವನು, "ನನ್ ತಂಗಿಗೆ ಎರವಾದ್ ಮನೆ ಅನ್ನ ನಂಗೆ ಬ್ಯಾಡಮ್ಮ" ಎಂದಿದ್ದನಂತೆ. "ನರಸಮ್ಮಾ, ಪದ ಪದ, ಹೋಗಾಣ, ಹೊತ್ತಾಯ್ತು" ಎಂದು ಅರ್ಧ ತೆಲುಗಿನಲ್ಲಿ ಬಾಗಿಲ ಕಡೆಗೆ ಕೂಗಿದ. ಗಂಡ ತಿಮ್ಮಯ್ಯ ಹುಣಸೆಮರದ ಬುಡದಲ್ಲಿ ನೆಲ ಕೆರೆಯುತ್ತ ಕೂತಿದ್ದ. ತಾಯಿಗೆ ಎದುರಾಡುವ ಧೈರ್ಯವಿಲ್ಲ, ಹೆಂಡತಿಯನ್ನು ಕಳಿಸುವ ಮನಸ್ಸಿಲ್ಲ.

ನಾನು ಸೈಕಲ್ ಒರಗಿಸಿ, ಎಲ್ಲರೂ ಕೇಳುವ ಹಾಗೆ ಡಾಕ್ಟರ ಮಾತು ಹೇಳಿದೆ. ಲಕ್ಕಮ್ಮ ನಕ್ಕಳು. "ಮೊಲೇಗೆ ಹಾಕಿದ್ ಮದ್ದು ಹೋಗಿ ಮಡ್ಕೇಲಿ ಹೆಪ್ಪ ಸಾಯಿಸ್ತದಾ? ನನ್ ಮುಂದೆ ಕಥೆ ಹೇಳ್ಬ್ಯಾಡಿ ಸ್ವಾಮಿ."

"ಕಥೆ ಬೇಡಮ್ಮ. ಬೆಳಗಿನವರೆಗೆ ಗಾಡಿ ನಿಲ್ಲಲಿ. ಎರಡು ಮಡಕೆ ಇಡೋಣ, ನೀವೇ ನೋಡಿ."

ಓಬಳಪ್ಪ ಒಪ್ಪಲಿಲ್ಲ. ಅವನಿಗೆ ಅದು ತಂಗಿಯನ್ನು ಮತ್ತೊಮ್ಮೆ ಬೀದಿಯಲ್ಲಿ ನಿಲ್ಲಿಸಿದ ಹಾಗೆ. ಆಗ ನರಸಮ್ಮನೇ ಹೊರಗೆ ಬಂದಳು. ಚಿಕ್ಕ ಹುಡುಗಿ, ಅತ್ತು ಮುಖ ಊದಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಇರು ಅಣ್ಣ. ನಾನು ನೋಡ್ಕಂಡೇ ಬರ್ತೀನಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಎರಡಕ್ಕೂ ನಾನೇ ತೋಡು ಹಾಕ್ತೀನಿ ಅಣ್ಣಾ, ಬೇರೆ ಯಾರೂ ಮುಟ್ಟಬಾರ್ದು. ಆಗದಿದ್ರೆ ಆಗ್ಲಿಲ್ಲ ಅಂತ ನಾನೇ ಗಾಡಿ ಹತ್ತೀನಿ," ಎಂದಳು. ಅವರ ಕಡೆ ಹೆಪ್ಪಿಗೆ ತೋಡು ಎನ್ನುತ್ತಾರೆ.

ಗಿರಿಯಪ್ಪನನ್ನು ಕೊಟ್ಟಿಗೆಗೆ ಕರೆದು ಮೆಲ್ಲಗೆ ಕೇಳಿದೆ: "ನಿಜ ಹೇಳು. ಆ ಮೊಲೆ ಹಾಲು ಚೆಲ್ಲಿದೆಯಾ ಇಲ್ವಾ?"

ಅವನು ಕೆಂದಿಯ ಕೊರಳು ಕೆರೆಯುತ್ತ, "ಚೆಲ್ದೆ ಸ್ವಾಮಿ," ಎಂದ. ನನ್ನ ಮುಖ ನೋಡಲಿಲ್ಲ.

ನಾನೇನು ಮಾಡಲಿ? ಮನೆಯ ಯಜಮಾನನನ್ನು ಅವನ ಕೊಟ್ಟಿಗೆಯಲ್ಲೇ ನಿಲ್ಲಿಸಿ ಸುಳ್ಳುಗಾರ ಎನ್ನಲಾಗುತ್ತದೆಯೇ? "ಸರಿ, ದಿನಾ ಹೇಗೆ ಕರೆದು ಒಳಗೆ ಕೊಡ್ತೀಯೋ ಇವತ್ತೂ ಹಾಗೇ ಕೊಡು," ಎಂದಷ್ಟೇ ಹೇಳಿ ಬಂದೆ.

ಸಂಜೆ ಎದುರು ಮನೆಯವರಿಂದ ಒಂದು ಚೊಂಬು ಹಾಲು ಇಸಿದುಕೊಂಡು ಬಂದೆ. ಗಿರಿಯಪ್ಪ ಕೆಂದಿಯ ಹಾಲು ತಂದಿಟ್ಟ. ನರಸಮ್ಮ ಎರಡನ್ನೂ ಬೇರೆ ಬೇರೆ ಕಾಯಿಸಿದಳು. ಆರಿದ ಮೇಲೆ ಕಿರುಬೆರಳಿನ ತುದಿ ಅದ್ದಿ ಹದ ನೋಡಿದಳು, ಇನ್ನಷ್ಟು ಹೊತ್ತು ಬಿಟ್ಟಳು. ಗಿಂಡಿಯ ಮೊಸರನ್ನು ಎರಡಕ್ಕೂ ಒಂದೇ ಅಳತೆಗೆ ಹಾಕಿ, ಕದಡಿ, ತಟ್ಟೆ ಮುಚ್ಚಿ, ಕೈ ಮುಗಿದಳು. ಕೇರಿಯ ಹೆಂಗಸರು ಬಾಗಿಲವರೆಗೆ ಬಂದು ನೋಡಿಕೊಂಡು ಹೋದರು. ಓಬಳಪ್ಪ ಗಾಡಿಯ ಕೆಳಗೆ ಹೊಟ್ಟೆಗಿಲ್ಲದೆ ಮಲಗಿದ.

ಬೆಳಿಗ್ಗೆ ಲಕ್ಕಮ್ಮನೇ ತಟ್ಟೆ ತೆಗೆದಳು. ಎದುರು ಮನೆಯ ಹಾಲು ಗಟ್ಟಿ ಮೊಸರಾಗಿತ್ತು, ಮಡಕೆ ವಾಲಿಸಿದರೂ ಅಲುಗಲಿಲ್ಲ. ಮೇಲೆ ತೆಳ್ಳನೆಯ ಕೆನೆ. ಕೆಂದಿಯ ಹಾಲು ಹಿಂದಿನ ಸಂಜೆ ಹೇಗಿತ್ತೋ ಹಾಗೇ ನೀರಾಡುತ್ತಿತ್ತು. ಬಾಗಿಲಲ್ಲಿ ನಿಂತವರೆಲ್ಲ "ಆಹಾ" ಎಂದರು. ನನಗೆ ಗೆದ್ದೆ ಎನಿಸಿತು. ಹೊಸಬರೇ, ಇಲ್ಲಿ ಒಂದು ಮಾತು ತಿಳಿದುಕೊಳ್ಳಿ. ಮಡಕೆಯಲ್ಲಿ ಗೆದ್ದರೆ ಮನೆಯಲ್ಲಿ ಗೆದ್ದ ಹಾಗಲ್ಲ.

ಲಕ್ಕಮ್ಮ ಎರಡು ಮಡಕೆಯನ್ನೂ ನೋಡಿ, ಸೊಸೆಯನ್ನೂ ನೋಡಿ, ನಿಧಾನವಾಗಿ ಹೇಳಿದಳು: "ಸರಿ ಬುಡಿ. ಕೈಗುಣ ಅಲ್ಲ, ಒಪ್ಕಂಡೆ. ಕೆಂದಿ ಹಾಲೇ ಕೆಟ್ಟೈತೆ. ಕೆಂದಿಗೆ ಕೆಚ್ಲು ಊದಿದ್ದು ಯಾವಾಗ? ಇವ್ಳು ಹೊಸ್ಲು ದಾಟಿದ್ ಮ್ಯಾಲೆ. ಅಂಗಾದ್ರೆ ಇದು ಕಾಲ್ಗುಣ."

ಕೇರಿಯವರು ತಲೆಯಾಡಿಸಿದರು. ಕೈಯಿಂದ ಇಳಿದ ಅಪವಾದ ಕಾಲಿಗೆ ಸುತ್ತಿಕೊಂಡಿತು. ಕೈಗಾದರೆ ಮಡಕೆ ಇಟ್ಟು ತೋರಿಸಬಹುದು, ಕಾಲಿಗೆ ಏನು ಇಟ್ಟು ತೋರಿಸುವುದು? ನರಸಮ್ಮ ಗೂಟದ ಮೇಲಿದ್ದ ತನ್ನ ಸೀರೆ ತೆಗೆದುಕೊಂಡು ಗಾಡಿಯ ಕಡೆಗೆ ನಡೆದಳು. ಓಬಳಪ್ಪ ಎತ್ತಿನ ಹಗ್ಗ ಬಿಚ್ಚತೊಡಗಿದ.

ಆಗ ಗಿರಿಯಪ್ಪ ಕೊಟ್ಟಿಗೆಯ ಬಾಗಿಲಿಂದ ಬಂದು ಗಾಡಿಯ ಮುಂದೆ ನಿಂತ.

"ನಿಲ್ಲಮ್ಮ," ಎಂದ. ಸೊಸೆಯನ್ನು ಅವನು ಅಲ್ಲಿಯವರೆಗೆ ನೇರವಾಗಿ ಮಾತಾಡಿಸಿದ್ದನ್ನು ಯಾರೂ ಕೇಳಿರಲಿಲ್ಲ. "ಇವ್ರು ಹೇಳಿದ್ರು, ಹಾಲು ಚೆಲ್ಲು ಅಂತ. ಎರಡು ಸಲಾನೂ ಹೇಳಿದ್ರು. ಕೀವು ಬರ್ತಿದ್ದಾಗ ಚೆಲ್ದೆ. ಆಮೇಲೆ ಬಿಳೀ ಹಾಲು ಬಂತು. ಕಣ್ಮುಂದೆ ಬಿಳೀ ಹಾಲು ಧಾರೆ ಬೀಳ್ತಿದ್ರೆ ಅದನ್ನ ನೆಲಕ್ಕೆ ಹೆಂಗ್ ಚೆಲ್ಲಾದು? ನಮ್ಮಪ್ಪನ ಕಾಲದಿಂದ ಈ ಕೊಟ್ಟಿಗೇಲಿ ಯಾರೂ ಹಾಲು ನೆಲಕ್ಕೆ ಹಾಕಿಲ್ಲ. ಅದ್ನೂ ಅದೇ ಚೊಂಬಿಗೆ ಕರ್ದು ಒಳಕ್ಕೆ ಕೊಟ್ಟೆ. ಯಾರಿಗೂ ಹೇಳ್ಲಿಲ್ಲ. ನಿನ್ನೆ ಇವ್ರು ಕೇಳಿದಾಗ್ಲೂ ಸುಳ್ಳು ಹೇಳ್ದೆ. ಎರಡು ಮಡ್ಕೆ ನೋಡೋವರ್ಗೂ ನಂಗೂ ನಂಬ್ಕೆ ಇರ್ಲಿಲ್ಲ." ಹೆಂಡತಿಯ ಕಡೆಗೆ ತಿರುಗಿದ. "ಕೆಂದಿಗೆ ಹೋದ್ ಸೂಲ್ನಲ್ಲಿ ಕರು ಹಾಕ್ದಾಗ್ಲೂ ಕೆಚ್ಲು ಊದಿತ್ತು, ಮರ್ತೋಯ್ತಾ? ಆಗ ಈ ಮಗು ಎಲ್ಲಿತ್ತು? ಕೈಗುಣಾನೂ ಅಲ್ಲ, ಕಾಲ್ಗುಣಾನೂ ಅಲ್ಲ ಕಣೇ. ಕರ್ದ ಕೈ ನಂದು. ಕಳ್ಸಾದಾದ್ರೆ ನನ್ನ ಕಳ್ಸು."

ನನ್ನ ಸರ್ವೀಸಿನಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳನ್ನು ಕಂಡಿದ್ದೇನೆ. ತಪ್ಪು ಸಿಕ್ಕಿಬಿದ್ದಾಗ ಅದನ್ನು ಕೆಳಗಿನವನ ತಲೆಗೆ ಕಟ್ಟಿ ಕೈ ತೊಳೆದುಕೊಂಡವರನ್ನೂ ಕಂಡಿದ್ದೇನೆ. ಆ ಮನುಷ್ಯ ಸುಮ್ಮನಿದ್ದಿದ್ದರೆ ಅವನನ್ನು ಕೇಳುವವರು ಯಾರೂ ಇರಲಿಲ್ಲ. ಹೆಂಡತಿ, ಮಗ, ಬೀಗರು, ಇಡೀ ಕೇರಿ ಎದುರಿಗಿರುವಾಗ, ನನ್ನ ಕೈ ಎಂದು ಎತ್ತಿ ತೋರಿಸಿದ ಗಿರಿಯಪ್ಪನಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅವನಿಂದ ನನಗೆ ಕೆಲಸದ ಒಂದು ದೊಡ್ಡ ಪಾಠವೂ ಸಿಕ್ಕಿತು. ಹಾಲು ಚೆಲ್ಲು ಎಂಬ ಮಾತು ಆ ಜನರ ಕಿವಿಗೆ ಬಿದ್ದರೂ ಕೈಗೆ ಇಳಿಯುವುದಿಲ್ಲ. ಆಮೇಲಿಂದ ನಾನು ಎಲ್ಲಿಯೂ ಚೆಲ್ಲಿ ಎನ್ನಲಿಲ್ಲ, ಬೆಕ್ಕಿಗೋ ನಾಯಿಗೋ ಹಾಕಿ ಎಂದೆ. ಹೆಪ್ಪು ಹಾಕುವ ಹೆಂಗಸು ಹೊರಗೆ ಬಂದು, ಯಾವ ಮೊಲೆ, ಎಷ್ಟು ದಿನ ಎಂದು ನನ್ನನ್ನೇ ಎದುರು ಪ್ರಶ್ನೆ ಕೇಳುವವರೆಗೆ ಚೀಲ ಕಟ್ಟಲಿಲ್ಲ. ಶಿರಾದ ಬೀಬಿಯಮ್ಮ ಆ ದಾರಿಯನ್ನು ಮೊದಲೇ ತೋರಿಸಿದ್ದರು, ನನಗೆ ಆಗ ಕಾಣಲಿಲ್ಲ ಅಷ್ಟೆ. ನೀವೂ ಹಾಗೇ ಮಾಡಿ.

ಲಕ್ಕಮ್ಮ ಕೇರಿಯ ಹೆಂಗಸರ ಕಡೆಗೆ ಒಮ್ಮೆ ನೋಡಿದಳು, ಅವರು ಒಬ್ಬೊಬ್ಬರಾಗಿ ದೃಷ್ಟಿ ತಪ್ಪಿಸಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯ ಹತ್ತಿರ ಬಂದಳು. ತಗಡಿನ ಪೆಟ್ಟಿಗೆಯನ್ನು ತಾನೇ ಎಳೆದು, ಎದೆಗೆ ಅವಚಿಕೊಂಡು ಒಳಗೆ ಹೊತ್ತುಕೊಂಡು ಹೋದಳು. ತಿಮ್ಮಯ್ಯ ಮರದ ಬುಡದಿಂದ ಓಡಿಬಂದು ಕೈ ಕೊಡಲು ಹೋದರೆ, "ಹೋಗ್ಲಾ, ನಿನ್ನೆಯಿಂದ ಎಲ್ಲಿದ್ದೆ?" ಎಂದು ಗದರಿದಳು.

ಒಳಗೆ ಪಾತ್ರೆಯ ಸದ್ದು ಕೇಳಿಸಿತು. ಓಬಳಪ್ಪ ಎತ್ತಿನ ಹಗ್ಗ ಹಿಡಿದು ಹಾಗೇ ನಿಂತಿದ್ದ, ನರಸಮ್ಮ ಗಾಡಿಯ ಚಕ್ರ ಹಿಡಿದು ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಲಕ್ಕಮ್ಮ ಹೊರಗೆ ಬಂದಳು. ಅಗಲವಾದ ತಟ್ಟೆಯಲ್ಲಿ ಬಿಸಿ ಮುದ್ದೆ, ಪಕ್ಕದಲ್ಲಿ ಆ ಮಡಕೆಯ ಗಟ್ಟಿ ಮೊಸರು, ಚಿಟಿಕೆ ಉಪ್ಪು. ಅದನ್ನು ಜಗಲಿಯ ಮೇಲಿಟ್ಟು, ಓಬಳಪ್ಪನ ಕೈಯಿಂದ ಹಗ್ಗ ಕಿತ್ತುಕೊಂಡು, ಹೇಳಿದಳು:

"ಉಣ್ಣಪ್ಪಾ. ನಿನ್ ತಂಗಿ ಹೆಪ್ಪಾಕಿದ್ ಮೊಸ್ರು. ಹೊಟ್ಟೆ ತುಂಬಾ ಉಂಡ್ಬುಟ್ಟು, ಗಾಡಿ ಕಟ್ಕಂಡು ಒಬ್ನೇ ಹೋಗು."